ತುಪ್ಪಳದ ಗೋದಾಮಿಗೆ ಅಷ್ಟೊಂದು ಮರ್ಯಾದೆ ಯಾಕೆ?

ಪ್ರಶ್ನೆ: ಸರ್, ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ ರಷ್ಯನ್ನರು ಕಟ್ಟಿದ ತುಪ್ಪಳದ ಗೋದಾಮು ಈಗ ಮ್ಯೂಸಿಯಂ ಆಗಿದೆಯಂತೆ. ಅಲ್ಲಿ ರಷ್ಯನ್ನರಿಗೇನು ಕೆಲಸ? ಗೋದಾಮಿನಲ್ಲಿ ನೋಡೋದಕ್ಕಾದರೂ ಏನಿದೆ? ‘ಬರಾನೊವ್ ಮ್ಯೂಸಿಯಂ’ ಅಂತ ಇದ್ದ ಹೆಸರನ್ನು ಯಾಕೆ ತೆಗೆದರು?
– ಓದುಗರೊಬ್ಬರು

ಉತ್ತರ: ರಷ್ಯನ್ನರನ್ನು ಅಲ್ಲಿಗೆ ಎಳೆದು ತಂದದ್ದು ಕಡಲ ನೀರುನಾಯಿ. ತಿಮಿಂಗಿಲ, ಸೀಲ್‌ಗಳಿಗೆ ಚಳಿ ತಡೆಯಲು ಚರ್ಮದಡಿ ದಪ್ಪ ಕೊಬ್ಬಿದೆ. ಈ ಪ್ರಾಣಿಗೆ ಅದಿಲ್ಲ, ಇರೋದು ತುಪ್ಪಳವೊಂದೇ. ನಮ್ಮ ಇಡೀ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿದ್ದರೆ, ಇದಕ್ಕೆ ಒಂದು ಚದರ ಇಂಚಿನಲ್ಲೇ 10 ಲಕ್ಷದವರೆಗೆ! ಅಂಥ ತುಪ್ಪಳಕ್ಕೆ ಚೀನಾದ ಶ್ರೀಮಂತರು ಕೇಳಿದಷ್ಟು ಕೊಡುತ್ತಿದ್ದರು. ಕಡಲು ದಾಟಿ, ಸೈಬೀರಿಯಾ ಹಾದು, ರಷ್ಯಾ-ಚೀನಾ ಗಡಿಯ ಕ್ಯಾಖ್ತಾ ಊರಿನಲ್ಲಿ ತುಪ್ಪಳ ಕೈಬದಲಾಗುತ್ತಿತ್ತು. ಬದಲಿಗೆ ಸಿಗುತ್ತಿದ್ದದ್ದು ಚಹಾ, ಬಟ್ಟೆ.

1799ರಲ್ಲಿ ಹುಟ್ಟಿದ ರಷ್ಯನ್-ಅಮೆರಿಕನ್ ಕಂಪನಿ 1805–08ರ ಹೊತ್ತಿಗೆ ಕೋಡಿಯಾಕ್‌ನಲ್ಲಿ ಈ ಗೋದಾಮು ಕಟ್ಟಿತು. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಗಟ್ಟಿ ಕಟ್ಟಡ. ಅಲಾಸ್ಕಾದಲ್ಲಿ ಈಗ ಉಳಿದಿರುವ ಕಟ್ಟಡಗಳಲ್ಲಿ ಇದಕ್ಕಿಂತ ಹಳೆಯದಿಲ್ಲ.

ಆದರೆ ರಷ್ಯನ್ನರೇ ಬೇಟೆಯಾಡಿದರು ಅಂದುಕೊಳ್ಳಬೇಡಿ. ಅದು ಅವರಿಂದ ಆಗುವ ಕೆಲಸವೇ ಅಲ್ಲ. ತೊಗಲು ಹೊದಿಸಿದ ಸಪೂರ ದೋಣಿಯಲ್ಲಿ ಹೋಗಿ ನೀರುನಾಯಿಯನ್ನು ಸುತ್ತುವರಿದು ಹೊಡೆಯುವುದು ಗೊತ್ತಿದ್ದದ್ದು ದ್ವೀಪದ ಮೂಲನಿವಾಸಿಗಳಾದ ಅಲುಟಿಕ್ ಜನರಿಗೆ. 1784ರಲ್ಲಿ ಶೆಲಿಖೊವ್ ಎಂಬ ವ್ಯಾಪಾರಿ ಫಿರಂಗಿ ತಂದು, ಬಂಡೆಗಡ್ಡೆಯೊಂದರ ಮೇಲೆ ಆಶ್ರಯ ಪಡೆದಿದ್ದ ಈ ಜನರನ್ನು ಕೊಂದು ದ್ವೀಪ ಹಿಡಿದ. ಆಮೇಲೆ ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ಹೆಂಗಸರು ಹಕ್ಕಿಯ ತೊಗಲಿನಿಂದ ಅಂಗಿ ಹೊಲಿದು ಕಂಪನಿಗೆ ಕೊಡಬೇಕಿತ್ತು. ಕಂಪನಿ ಆ ಅಂಗಿಯನ್ನೇ ಬೇಟೆಗಾರರಿಗೆ ಕೂಲಿ ಅಂತ ಕೊಡುತ್ತಿತ್ತು! ಹೆಂಡತಿ ಹೊಲಿದದ್ದನ್ನೇ ಗಂಡನಿಗೆ ಸಂಬಳವಾಗಿ ಕೊಡುವ ಲೆಕ್ಕ ನೋಡಿ. ಇಡೀ ವ್ಯಾಪಾರದ ಗುಟ್ಟು ನನಗೆ ಆ ಅಂಗಿಯಲ್ಲೇ ಕಾಣುತ್ತದೆ, ನೀರುನಾಯಿಯ ತುಪ್ಪಳದಲ್ಲಿ ಅಲ್ಲ.

ಬರಾನೊವ್ ಈ ಕಂಪನಿಯ ಅಲಾಸ್ಕಾ ವ್ಯವಹಾರದ ಮೊದಲ ದೊಡ್ಡ ಅಧಿಕಾರಿ. ಹೆಸರು ತೆಗೆದದ್ದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಸಿಕ್ಕಿತಲ್ವಾ? 2019ರಿಂದ ಅದು ಕೋಡಿಯಾಕ್ ಹಿಸ್ಟರಿ ಮ್ಯೂಸಿಯಂ. ಒಳ್ಳೇ ಕೆಲಸ ಮಾಡಿದರು ಅಂತಲೇ ನನ್ನ ಅಭಿಪ್ರಾಯ. ಗೋದಾಮು ತುಂಬಿಸಿದವರನ್ನು ಬಿಟ್ಟು ಬೀಗದ ಕೈ ಇಟ್ಟುಕೊಂಡವನ ಹೆಸರನ್ನು ಬಾಗಿಲ ಮೇಲೆ ಬರೆಯೋದು ಯಾವ ನ್ಯಾಯ?

ಇನ್ನು ಕಟ್ಟಡ ಉಳಿದದ್ದು ಹೇಗೆ ಅಂತೀರಾ? ಕೈಯಿಂದ ಕೈಗೆ ಹೋಗುತ್ತಾ ಬಳಕೆಯಲ್ಲಿ ಉಳಿಯಿತು, ಅಷ್ಟೇ. 1867ರಲ್ಲಿ ರಷ್ಯಾ ಅಲಾಸ್ಕಾವನ್ನು 72 ಲಕ್ಷ ಡಾಲರ್‌ಗೆ ಅಮೆರಿಕಕ್ಕೆ ಮಾರಿತು. ಗೋದಾಮು ಅಮೆರಿಕದ ಕಂಪನಿಯೊಂದರ ಕೈಗೆ ಹೋಯಿತು. 1911ರಲ್ಲಿ ಅರ್ಸ್‌ಕಿನ್ ಎಂಬ ವ್ಯಾಪಾರಿ ಕೊಂಡು ಅದನ್ನೇ ಮನೆ ಮಾಡಿಕೊಂಡ. ಮರುವರ್ಷವೇ ನೊವಾರುಪ್ತ ಜ್ವಾಲಾಮುಖಿ ಸಿಡಿದು ಊರೆಲ್ಲ ಬೂದಿಯಲ್ಲಿ ಹೂತಿತು. 1964ರ ಭೂಕಂಪದ ಸುನಾಮಿ ಪೇಟೆಯನ್ನೇ ಕೊಚ್ಚಿಕೊಂಡು ಹೋಯಿತು. ಎರಡರಲ್ಲೂ ಈ ಕಟ್ಟಡ ಪಾರಾಯಿತು. 1967ರಲ್ಲಿ ಮ್ಯೂಸಿಯಂ ತೆರೆಯಿತು.

ನೀರುನಾಯಿಗಳ ಕಥೆ ಕೇಳದಿದ್ದರೂ ಹೇಳಿಬಿಡ್ತೀನಿ. 1911ರ ಅಂತರರಾಷ್ಟ್ರೀಯ ಒಪ್ಪಂದ ಅವುಗಳ ಬೇಟೆಗೆ ತಡೆ ಹಾಕುವ ಹೊತ್ತಿಗೆ ಜಗತ್ತಿನಲ್ಲಿ ಉಳಿದದ್ದು ಒಂದೆರಡು ಸಾವಿರ ಅಂತ ಅಂದಾಜು. ಮತ್ತೆ ಎಷ್ಟೋ ಕಡೆ ಹೆಚ್ಚಿವೆ. ಈಗ ಅಮೆರಿಕದ ಕಾನೂನಿನಲ್ಲಿ ಅವುಗಳನ್ನು ಬೇಟೆಯಾಡಲು ಅವಕಾಶ ಇರೋದು ಅಲಾಸ್ಕಾ ಕರಾವಳಿಯ ಮೂಲನಿವಾಸಿಗಳಿಗೆ ಮಾತ್ರ, ಅದೂ ಸ್ವಂತ ಬಳಕೆಗೆ ಮತ್ತು ಕರಕುಶಲ ವಸ್ತುಗಳಿಗೆ.