ಆಟಿಯ ಮಳೆಯಲ್ಲಿ 28 ಕಿಲೋಮೀಟರ್: ಓಡುವುದೋ ಬಿಡುವುದೋ?

ಈ ಭಾನುವಾರ 28 ಕಿ.ಮೀ. ಓಡಬೇಕಿದೆ, ಮಂಗಳೂರಿನಲ್ಲಿ ಆಟಿಯ (ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಮಳೆ ಬಿಡುವ ಲಕ್ಷಣವಿಲ್ಲ, ಮೊದಲ ಮ್ಯಾರಥಾನ್ ಹತ್ತಿರವಾಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮುಂದಿನ ವಾರಕ್ಕೆ ಹಾಕಿ ಎಂದು ಕೆಲವರು ಹೇಳಿದ್ದಾರೆ. ನಾನು ಹೇಳುವುದು: ಓಡಿ. ಕರಾವಳಿಯಲ್ಲಿ ಮಳೆ ನಿಲ್ಲಲೆಂದು ಕಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಯುವುದೇ ಆಗುತ್ತದೆ. ಆದರೆ ಯಾವಾಗ ನಿಲ್ಲಿಸಬೇಕು ಎಂಬುದನ್ನು ಮನೆಯಲ್ಲಿ, ಮೈ ಒಣಗಿರುವಾಗಲೇ ತೀರ್ಮಾನಿಸಿಕೊಳ್ಳಿ. ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಹುಟ್ಟುವ ಹಟವನ್ನು ನಂಬಬೇಡಿ.

ಸಿಡಿಲಿಗೆ ರಿಯಾಯಿತಿ ಇಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿತೆಂದರೆ ಸಿಡಿಲು 10 ಕಿ.ಮೀ. ಆಸುಪಾಸಿನಲ್ಲೇ ಇದೆ. ಮರದಡಿಗಲ್ಲ, ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಹೊರಗೆ ಬರಬೇಡಿ. ಆಟಿಯ ಜಡಿಮಳೆಯಲ್ಲಿ ಗುಡುಗು ಕಡಿಮೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆಗಳಿಗೇ ಹೆಚ್ಚು ಹೆದರಬೇಕು. ಇನ್ನೊಂದು, ತಳ ಕಾಣದ ನೀರು. ಕೊಟ್ಟಾರ ಚೌಕಿಯಂಥ ಕಡೆ ನೀರು ನಿಂತಾಗ ಕೆಳಗೆ ಚರಂಡಿಯ ಮುಚ್ಚಳ ಇದೆಯೋ ಇಲ್ಲವೋ, ತಂತಿ ಹರಿದು ಬಿದ್ದಿದೆಯೋ ಯಾರಿಗೆ ಗೊತ್ತು? ಅಲ್ಲಿಂದಲೇ ತಿರುಗಿ ಬನ್ನಿ.

ಚಳಿಯ ಬಗ್ಗೆಯೂ ಕೇಳಿದ್ದೀರಿ. 2021ರ ಮೇ ತಿಂಗಳಿನಲ್ಲಿ ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಬೆಟ್ಟದ ಓಟದಲ್ಲಿ ಆಲಿಕಲ್ಲು, ಮಳೆ, ಗಾಳಿಗೆ ಸಿಕ್ಕಿ 21 ಓಟಗಾರರು ಸತ್ತರು. ತೆಳು ಬಟ್ಟೆಯಲ್ಲಿದ್ದವರ ದೇಹದ ಶಾಖ ಕುಸಿದಿತ್ತು. ಕುದುರೆಮುಖದ ಕಡೆ ಓಡುವವರು ಇದನ್ನು ನೆನಪಿಡಬೇಕು. ಮಂಗಳೂರಿನ ತೊಂದರೆ ಬೇರೆಯೇ. ಇಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ. ಮಳೆನೀರಿನಲ್ಲಿ ಬೆವರು ತೊಳೆದು ಹೋಗುವುದರಿಂದ ಬೆವರುತ್ತಿಲ್ಲ ಎನಿಸುತ್ತದೆ, ಬಾಯಾರಿಕೆಯೂ ಕಾಣುವುದಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಮಳೆಕೋಟು ಬೇಡವೇ ಬೇಡ, ಒಳಗೆ ಬೆಂದುಹೋಗುತ್ತೀರಿ. ಮೈಗೆ ಅಂಟುವ ತೆಳುವಾದ ಬನಿಯನ್, ಮುಂದೆ ಅಂಚಿರುವ ಟೋಪಿ ಸಾಕು. ಕಣ್ಣಿಗೆ ನೀರು ಬಡಿಯದಿದ್ದರೆ ಅರ್ಧ ಕಷ್ಟ ಕಡಿಮೆ. ಓಆರ್‌ಎಸ್ ಅಥವಾ ಉಪ್ಪು ಹಾಕಿದ ನಿಂಬೆ ಪಾನಕವನ್ನು ಗಡಿಯಾರ ನೋಡಿಕೊಂಡು ಕುಡಿಯಿರಿ.

ಇಷ್ಟು ಹೇಳಿದರೂ, ಮಳೆಯ ಓಟ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಪಾದದಿಂದ. ನೆನೆದ ಚರ್ಮ ಮೆತ್ತಗಾಗಿ, ಉಜ್ಜಿ, ಬೊಬ್ಬೆ ಏಳುತ್ತದೆ. ಹತ್ತಿಯ ಕಾಲುಚೀಲ ನೀರು ಹಿಡಿದುಕೊಳ್ಳುತ್ತದೆ, ಅದನ್ನು ಮುಟ್ಟಲೇಬೇಡಿ; ಸಿಂಥೆಟಿಕ್ ಇರಲಿ. ಬೆರಳುಗಳ ಸಂದಿಗೆ, ಹಿಮ್ಮಡಿಗೆ, ತೊಡೆಸಂದಿಗೆ, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಗಂಡಸರು ಎದೆಯ ತೊಟ್ಟುಗಳಿಗೆ ಪಟ್ಟಿ ಅಂಟಿಸಿಕೊಳ್ಳಿ. ನಾಚಿಕೆಪಟ್ಟುಕೊಂಡವರ ಬನಿಯನ್ ಮೇಲೆ ರಕ್ತದ ಕಲೆ ಕಂಡಿದ್ದೇನೆ. 14ನೇ ಕಿಲೋಮೀಟರಿನಲ್ಲಿ ಬದಲಾಯಿಸಲು ಇನ್ನೊಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ದಾರಿಯ ವಿಷಯಕ್ಕೆ ಬಂದರೆ, ಪಣಂಬೂರು ದಾಟಿ ಸುರತ್ಕಲ್ ತನಕ ಹೋಗಿ ಬರುವ ನಿಮ್ಮ ಯೋಜನೆ ನನಗೆ ಹಿಡಿಸಲಿಲ್ಲ. ಬಂದರಿನ ಲಾರಿಗಳು, ಚಿಮ್ಮುವ ಕೆಸರು, ಮಬ್ಬು ಬೆಳಕು. ಲೇಡಿಹಿಲ್, ಉರ್ವ ಕಡೆ ನಾಲ್ಕೈದು ಕಿಲೋಮೀಟರಿನ ಸುತ್ತು ಹಾಕಿಕೊಳ್ಳಿ. ಬೇಸರ ಬರುತ್ತದೆ, ನಿಜ. ಆದರೆ ನೀರು, ಒಣ ಕಾಲುಚೀಲ, ಮನೆ ಎಲ್ಲವೂ ಹತ್ತಿರವಿರುತ್ತವೆ. ಮನೆ ಮುಂದೆ ಬಂದಾಗಲೆಲ್ಲ ನಿಲ್ಲಿಸುವ ಆಸೆಯನ್ನು ಗೆದ್ದು ಮುಂದೆ ಹೋಗುವುದೂ ಒಂದು ತರಬೇತಿಯೇ. ಪಾಚಿ ಹಿಡಿದ ಮುರಕಲ್ಲು, ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ಮೂರೂ ಜಾರುತ್ತವೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಲಿ.

ವೇಗದ ಲೆಕ್ಕವನ್ನು ಮರೆತುಬಿಡಿ. 2018ರ ಬೋಸ್ಟನ್ ಮ್ಯಾರಥಾನ್ ಕೊರೆಯುವ ಮಳೆ ಮತ್ತು ಎದುರುಗಾಳಿಯಲ್ಲಿ ನಡೆಯಿತು. ಹೆಸರಾಂತ ಓಟಗಾರರು ಹಲವರು ಅರ್ಧದಲ್ಲೇ ಬಿಟ್ಟರು. ಅಮೆರಿಕದ ಓಟಗಾರ್ತಿ ಡೆಸಿರೀ ಲಿಂಡೆನ್ ಕೂಡ ಶುರುವಿನಲ್ಲೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಸರಿ, ಅಷ್ಟರ ತನಕ ಜೊತೆಯವರಿಗಾದರೂ ನೆರವಾಗೋಣ ಎಂದು ಶೌಚಕ್ಕೆ ನಿಂತ ತಮ್ಮದೇ ದೇಶದ ಶಲೇನ್ ಫ್ಲಾನಗನ್‌ಗಾಗಿ ನಿಧಾನಿಸಿದರು. ಕೊನೆಗೆ ಮಹಿಳೆಯರಲ್ಲಿ ಗೆದ್ದವರು ಲಿಂಡೆನ್ ಅವರೇ, 2:39:54ರಲ್ಲಿ. ಅವರ ಮಟ್ಟಕ್ಕೆ ಅದು ನಿಧಾನದ ಸಮಯ. ನೀವೂ ಉಸಿರನ್ನು ಗಮನಿಸಿ ಓಡಿ. ಮಾತನಾಡುತ್ತ ಓಡಲು ಆಗುತ್ತಿದ್ದರೆ ವೇಗ ಸರಿಯಿದೆ. ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಮುಗಿದ ಕೂಡಲೇ ಒದ್ದೆ ಬಟ್ಟೆ ತೆಗೆಯಿರಿ, ಬಿಸಿ ಗಂಜಿ ಕುಡಿಯಿರಿ. ಶೂಗಳಿಗೆ ಹಳೆಯ ಪತ್ರಿಕೆ ತುರುಕಿ ಫ್ಯಾನ್ ಕೆಳಗಿಡಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಕಾಲನ್ನು ಸೋಪಿನಿಂದ ತೊಳೆದು ಗಾಯ ಇದೆಯೇ ನೋಡಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಓಟದ ದಣಿವೆಂದು ಸುಮ್ಮನಿರದೆ ವೈದ್ಯರ ಬಳಿ ಹೋಗಿ, ನಿಂತ ನೀರಿನಲ್ಲಿ ಓಡಿದ್ದೆ ಎಂದು ಹೇಳಿ. ನಮ್ಮ ಕಡೆ ಮಳೆಗಾಲದಲ್ಲಿ, ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ಇಲಿಜ್ವರ ಇದ್ದೇ ಇರುತ್ತದೆ, ಬೇಗ ತಿಳಿದರೆ ಔಷಧಿ ಇದೆ.