ಕಾಗದದ ಮೇಲೆ ಪುಡಿಗೆ ಬೆರಳಚ್ಚು ಸಿಗದಿದ್ದರೆ

ಬೆರಳಚ್ಚು ಎತ್ತುವ ಕಪ್ಪು ಪುಡಿ ಹಾಕಿದಾಗ ಗಾಜಿನ ಮೇಲೆ ಚೆನ್ನಾಗಿ ಮೂಡಿದ ಅಚ್ಚು ಕಾಗದದ ಮೇಲೆ ಬರೀ ಕಪ್ಪು ಮಸಿಯಾಗುತ್ತಿದೆ ಅಂದಿದ್ದೀರಿ. ತೊಂದರೆ ಪುಡಿಯದ್ದಲ್ಲ, ಬಹುಶಃ ಕಾಗದದ್ದು. ಪುಡಿ ಅಂಟೋದು ಮೇಲೆ ಉಳಿದ ಜಿಡ್ಡಿಗೆ, ತೇವಕ್ಕೆ. ಕಾಗದ ಅದನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಆದರೆ ಬೆವರಿನ ಅಮೈನೋ ಆಮ್ಲಗಳು ನಾರಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯಬಲ್ಲವು. ಅದನ್ನು ಹಿಡಿಯೋಕೆ ನಿನ್‌ಹೈಡ್ರಿನ್ ಬೇಕು, ಅಂದರೆ ಅಮೈನೋ ಆಮ್ಲ ತಾಗಿದರೆ ನೇರಳೆ ಬಣ್ಣ ಕೊಡುವ ರಾಸಾಯನಿಕ. ಬೆರಳಚ್ಚಿಗೆ ಇದನ್ನು ಬಳಸಬಹುದು ಅಂತ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 1954ರಲ್ಲಿ ತೋರಿಸಿದರು.

ಬೆರಳು ತಾಗಿದ, ಆದರೆ ಪುಡಿ ತಾಗದ ಬೇರೆ ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಬರಹವಿದ್ದರೆ ಮೊದಲು ಫೋಟೋ ತೆಗೆಯಿರಿ, ಅಸಿಟೋನ್ ತಾಗಿದರೆ ಶಾಯಿ ಹರಡುತ್ತದೆ. ಅಸಿಟೋನ್‌ನಲ್ಲಿ ಕರಗಿಸಿದ ನಿನ್‌ಹೈಡ್ರಿನ್‌ನಲ್ಲಿ ಹಾಳೆಯನ್ನು ಒಮ್ಮೆ ಅದ್ದಿ, ಒಣಗಿಸಿ. ಇದನ್ನು ಲ್ಯಾಬ್‌ನಲ್ಲೇ, ಹೊಗೆ ಹೊರಹೋಗುವ ವ್ಯವಸ್ಥೆ ಇರುವಲ್ಲಿ, ಬೆಂಕಿಯಿಂದ ದೂರ ಮಾಡಿ. ಮನೆಯಲ್ಲಿ ಬೇಡವೇ ಬೇಡ. ಕೈಗವಸು ಹಾಕದಿದ್ದರೆ ನಿಮ್ಮ ಬೆರಳೂ ನೇರಳೆಯಾಗುತ್ತದೆ, ತೊಳೆದರೂ ಹೋಗಲ್ಲ!

ಆಮೇಲೆ ಕತ್ತಲಲ್ಲಿ, ಸ್ವಲ್ಪ ತೇವವಿರುವ ಕಡೆ ಒಂದೆರಡು ದಿನ ಇಡಿ. ನೇರಳೆ ಬಣ್ಣದ ಗೆರೆಗಳು ನಿಧಾನಕ್ಕೆ ಮೇಲೇಳುತ್ತವೆ. ಭೂತಗನ್ನಡಿ ಹಿಡಿದು ನೋಡಿ, ಎಷ್ಟೋ ಸಲ ಗೆರೆ ಸಾಲು ಚುಕ್ಕಿಗಳ ಹಾಗೆ ಕಾಣುತ್ತದೆ. ಬೆಳಕಿಗೆ ಬಣ್ಣ ಮಾಸುತ್ತದೆ, ಕೂಡಲೇ ಫೋಟೋ ತೆಗೆದಿಡಿ.

ಎಲ್ಲರ ಅಚ್ಚೂ ಬಂದೇ ಬರುತ್ತದೆ ಅಂತ ಹೇಳೋಕಾಗಲ್ಲ. ಒಬ್ಬೊಬ್ಬರ ಬೆವರು ಒಂದೊಂದು ಥರ ಅಲ್ವಾ? ಹಾಳೆ ಮೊದಲೇ ನೀರಲ್ಲಿ ನೆಂದಿದ್ದರಂತೂ ಅಮೈನೋ ಆಮ್ಲ ತೊಳೆದುಹೋಗಿರುತ್ತದೆ, ಬೇರೆ ಹಾಳೆ ನೋಡಿ.