ಸಾವಿನ ದಾಖಲೆ ಓದಿ ಕಾರಣವನ್ನು ಕಂಪ್ಯೂಟರೇ ವಿಂಗಡಿಸಬಹುದೇ?

ಸಾವಿನ ದಾಖಲೆಗಳನ್ನು ಕೊಟ್ಟರೆ ಕಂಪ್ಯೂಟರ್ ತಾನೇ ಕಾರಣ ವಿಂಗಡಿಸುತ್ತದಾ ಅಂತ ಕೇಳಿದ್ದೀರಿ. ವಿಂಗಡಿಸುತ್ತದೆ. ಆದರೆ ದಾಖಲೆಯಲ್ಲಿ ಬರೆದಿದ್ದನ್ನಷ್ಟೇ ಅದು ಓದಬಲ್ಲದು.

ಮನೆಯವರಿಗೆ ಸಿಗುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಅದನ್ನು ಹಾಕಲು ಬಿಡುವುದಿಲ್ಲ. ಕಾರಣ ಇರುವುದು ವೈದ್ಯರು ತುಂಬುವ ನಮೂನೆ 4 ಮತ್ತು 4ಎಯಲ್ಲಿ. ಅವು ನನ್ನ ಕೈಗೆ ಸಿಗಲಿಲ್ಲ, ಅದಕ್ಕೇ ನಾನು ಶಿರಸಿ, ಸಿದ್ದಾಪುರ ಕಡೆಯ ಪತ್ರಿಕೆ ಸುದ್ದಿಗಳನ್ನು ಹಿಡಿದು, ಕಾರಣ ವಿಂಗಡಿಸುವ ಪ್ರೋಗ್ರಾಂ ಒಂದನ್ನು ಶುರು ಮಾಡಿದೆ.

'ಅಡಿಕೆ ಮರದಿಂದ ಬಿದ್ದು ಕೊನೆಗೌಡ ಸಾವು' ಅಂತಿದ್ದರೆ ಕೆಲಸ ಸುಲಭ (ಕೊನೆಗೌಡ ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು). ಕಾಯಿಲೆಗಳಿಗೂ ಸಾವಿನ ಕಾರಣಗಳಿಗೂ ಸಂಕೇತ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಮರದಿಂದ ಬೀಳುವುದಕ್ಕೆ ಡಬ್ಲ್ಯೂ14 ಅಂತ ಸಂಕೇತವೇ ಇದೆ. ನಮ್ಮ ಮಂಗನ ಕಾಯಿಲೆಗೆ ಎ98.2.

ಕಷ್ಟ ಎಲ್ಲಿ ಗೊತ್ತಾ? ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡರೊಬ್ಬರು ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಹೊಡೆಯುವಾಗ ಜಾರಿ ಬಿದ್ದರು. ಬೆನ್ನುಮೂಳೆ ಮುರಿಯಿತು. ಮೂರು ತಿಂಗಳು ಮಲಗಿದಲ್ಲೇ ಇದ್ದರು. ಬೆನ್ನು ಹುಣ್ಣಾಗಿ, ಕೀವು ತುಂಬಿ, ನಂಜು ರಕ್ತಕ್ಕೇರಿತು. ಕೊನೆಗೆ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದು ಒಂದೇ ಮಾತು: 'ಹೃದಯ ಸ್ತಂಭನ'. ನನ್ನ ಪ್ರೋಗ್ರಾಂ ಅದನ್ನು ಓದಿ ಹೃದಯದ ಕಾಯಿಲೆಗೆ ಸೇರಿಸಿತು. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ, ಅಲ್ವಾ? ಅದು ಕಾರಣ ಹೇಗಾಗುತ್ತದೆ?

ನಮೂನೆಯಲ್ಲಿ ಇದಕ್ಕೆ ಜಾಗ ಇದೆ. ಮೇಲಿನ ಸಾಲಿನಲ್ಲಿ ಕೊನೆಗೆ ಆಗಿದ್ದು, ಅದರ ಕೆಳಗೆ ಅದಕ್ಕೆ ಕಾರಣವಾಗಿದ್ದು, ಎಲ್ಲಕ್ಕಿಂತ ಕೆಳಗೆ ಮೂಲ ಕಾರಣ. ಹಾಗೆ ಸರಿಯಾಗಿ ತುಂಬಿದ್ದರೆ ಐರಿಸ್‌ನಂಥ ಸಾಫ್ಟ್‌ವೇರ್ ನಿಯಮ ಹಿಡಿದು ಮೂಲ ಕಾರಣ ಆರಿಸುತ್ತದೆ. 'ಮರದಿಂದ ಬಿದ್ದು' ಅಂತ ಯಾರೂ ಬರೆಯದಿದ್ದರೆ ಯಾವ ಯಂತ್ರವೂ ಹುಡುಕಿಕೊಡುವುದಿಲ್ಲ.

ವೈದ್ಯರೇ ನೋಡದ ಸಾವುಗಳಿಗೆ ಬೇರೆ ದಾರಿ ಇದೆ. ಮನೆಯವರನ್ನು ಕೂರಿಸಿ ಏನೇನಾಯಿತು ಅಂತ ಕೇಳಿ ಬರೆದುಕೊಳ್ಳುವುದು. ಆ ಉತ್ತರಗಳಿಂದ ಇಂಟರ್‌ವಿಎ ಥರದ ಪ್ರೋಗ್ರಾಂ ಯಾವ ಕಾರಣ ಎಷ್ಟು ಸಂಭವ ಅಂತ ಲೆಕ್ಕ ಹಾಕುತ್ತದೆ. ಸಾವಿನ ಕಾರಣಗಳ ಬಗ್ಗೆ ನಮ್ಮ ದೇಶದಲ್ಲಿ ನಡೆದ 'ಮಿಲಿಯನ್ ಡೆತ್ ಸ್ಟಡಿ' ಅನ್ನೋ ದೊಡ್ಡ ಅಧ್ಯಯನದಲ್ಲಿ ಅಂಥ ಹೇಳಿಕೆಗಳನ್ನು ವೈದ್ಯರೇ ಓದಿದರು. 2005ರಲ್ಲಿ ಹಾವು ಕಚ್ಚಿ ಸುಮಾರು 46 ಸಾವಿರ ಜನ ಸತ್ತರು ಅನ್ನೋ ಅಂದಾಜು ಬಂದಿದ್ದು ಅದರಿಂದ. ಸರ್ಕಾರಿ ಲೆಕ್ಕಕ್ಕಿಂತ ಅದು ಎಷ್ಟೋ ಜಾಸ್ತಿ.

ನೀವು ಶುರು ಮಾಡುವುದಾದರೆ ಮೂಲ ವಾಕ್ಯವನ್ನು ಅಳಿಸಬೇಡಿ. 'ಹೃದಯ ಸ್ತಂಭನ', 'ವಯೋಸಹಜ' ಅಂತಷ್ಟೇ ಇರುವುದನ್ನು ಸುಮ್ನೆ ಯಾವುದೋ ಕಾಯಿಲೆಗೆ ಸೇರಿಸದೆ ಬೇರೆ ಇಡಿ, ವೈದ್ಯರೊಬ್ಬರಿಗೆ ತೋರಿಸಿ. ಊರಿನ ಮಾತುಗಳನ್ನೂ ಪ್ರೋಗ್ರಾಂಗೆ ಕಲಿಸಿ: ಕೊನೆ ಕೊಯ್ಯುವಾಗ, ಮದ್ದು ಹೊಡೆಯುವಾಗ, ದೋಣಿ ಮಗುಚಿ. ಕಾರವಾರದ ಕಡಲಲ್ಲಿ ದೋಣಿ ಮಗುಚಿ ಮುಳುಗಿದವರಿಗೂ ಮನೆ ಬಾವಿಗೆ ಬಿದ್ದವರಿಗೂ ಸಂಕೇತ ಬೇರೆ ಬೇರೆ. 'ನೀರಿನಲ್ಲಿ ಮುಳುಗಿ' ಅಂತ ಮಾತ್ರ ಇಟ್ಟುಕೊಂಡರೆ ಇಬ್ಬರೂ ಒಂದೇ ಗುಂಪಿಗೆ ಹೋಗುತ್ತಾರೆ.